ಕಣ್ಣೊಳಗಿನ ತೊಲೆ

ಬೆಟ್ಟ ಹತ್ತಿ ದಣಿದು ಬಂದಿದ್ದೀರಿ. ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳನ್ನು ದಾಟಿ ಬಂದವರಲ್ಲಿ ಒಬ್ಬರಾದರೂ ನಮ್ಮ ಆಫೀಸಿನ ಕಿಟಕಿಗೆ ಬಂದು, "ಅಲ್ಲಿ ಒಬ್ಬ ಚಪ್ಪಲಿ ಹಾಕ್ಕೊಂಡೇ ಹತ್ತುತ್ತಾ ಇದ್ದಾನೆ, ನೀವು ಕೇಳೋದಿಲ್ವಾ" ಅಂತ ದೂರು ಕೊಡುತ್ತಾರೆ. ನಾನು ರಸೀತಿ ಬರೆಯುವ ಗುಮಾಸ್ತ. ಕೇಳಿ ಕೇಳಿ ಅಭ್ಯಾಸವಾಗಿದೆ. ಆದರೆ ಅವರನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ.

ಯೇಸುಸ್ವಾಮಿ ಬೆಟ್ಟದ ಮೇಲೆ ಮಾಡಿದ ಬೋಧನೆ ಮತ್ತಾಯನ ಶುಭಸಂದೇಶದಲ್ಲಿ 5ರಿಂದ 7ನೇ ಅಧ್ಯಾಯದವರೆಗೆ ಇದೆ. 7ನೇ ಅಧ್ಯಾಯ ಶುರುವಾಗುವುದೇ ಬೇರೆಯವರಿಗೆ ತೀರ್ಪು ಕೊಡುವ ವಿಷಯದಿಂದ. ತಮ್ಮನ ಕಣ್ಣಿನ ಸಣ್ಣ ಕಸ ಕಾಣುತ್ತದೆ, ತನ್ನ ಕಣ್ಣಿನ ತೊಲೆ ಕಾಣುವುದಿಲ್ಲ ಎಂಬ ಹೋಲಿಕೆ ಅಲ್ಲೇ ಬರುತ್ತದೆ. ಸ್ವಾಮಿ ಬಡಗಿ ಕೆಲಸ ಬಲ್ಲವರು. ಮರ ಕೊಯ್ಯುವಾಗ ಪುಡಿ ಹಾರಿ ಕಣ್ಣಿಗೆ ಬೀಳುವುದು ಬಡಗಿಗೆ ದಿನನಿತ್ಯದ ಮಾತು. ತೊಲೆ ಅಂದರೆ ಮನೆಯ ಮಾಡು ಹೊರುವ ಮರ. ನನಗೆ ಅನ್ನಿಸುವುದೇನೆಂದರೆ ಎರಡೂ ಮರವೇ. ನಮ್ಮೊಳಗೆ ಯಾವ ತಪ್ಪು ತೊಲೆಯಷ್ಟಿದೆಯೋ, ಅದರದೇ ಚೂರು ಬೇರೆಯವರಲ್ಲಿ ನಮಗೆ ಬೇಗ ಕಾಣುತ್ತದೆ.

ಹಾಗಂತ ಯಾರಿಗೂ ಏನೂ ಹೇಳಬಾರದು ಎಂದಲ್ಲ. ಕೆಲವರು ಈ ಮಾತನ್ನು ತಮ್ಮ ತಪ್ಪು ಮುಚ್ಚಿಕೊಳ್ಳಲಿಕ್ಕೂ ಉಪಯೋಗಿಸುತ್ತಾರೆ, ಅದು ಬೇರೆ ವಿಷಯ. 5ನೇ ವಚನ ಓದಿ ನೋಡಿ. ತೊಲೆ ತೆಗೆದ ಮೇಲೆ ತಮ್ಮನ ಕಣ್ಣಿನ ಕಸ ತೆಗೆಯುವ ಕೆಲಸ ಇದ್ದೇ ಇದೆ. ಕಣ್ಣಿಗೆ ಕೈ ಹಾಕುವವನ ನೋಟ ಮೊದಲು ಸರಿಯಿರಬೇಕು, ಅಷ್ಟೇ.

2011ರ ತಪಸ್ಸುಕಾಲದ ಒಂದು ಶುಕ್ರವಾರ. ಸಂಜೆ ಲೆಕ್ಕ ಮುಗಿಸುವಾಗ ಮೇಣದಬತ್ತಿ ಕೌಂಟರಿನಲ್ಲಿ 900 ರೂಪಾಯಿ ಕಡಿಮೆ ಬಂತು. ಕೌಂಟರಿನಲ್ಲಿದ್ದವನು ಹೊಸ ಹುಡುಗ, ಬಡವರ ಮನೆಯವನು. "ಎಣಿಸಿಯೇ ಕೊಟ್ಟಿದ್ದೀನಿ ಸಾರ್" ಅಂದ. ನಾನು ಕೇಳಲಿಲ್ಲ. ಸಾಲಿನಲ್ಲಿ ನಿಂತಿದ್ದ ಇಪ್ಪತ್ತು ಇಪ್ಪತ್ತೈದು ಜನರ ಎದುರಿಗೇ ಅವನ ಜೇಬು ತೆಗೆಸಿ ನೋಡಿದೆ. ಬಸ್ಸಿನ ಟಿಕೆಟು ಮತ್ತು ಹನ್ನೆರಡು ರೂಪಾಯಿ ಇತ್ತು.

ಲೆಕ್ಕ ಬರೆಯುವವರಿಗೆ ಒಂದು ಗುಟ್ಟು ಗೊತ್ತಿರುತ್ತದೆ. ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾದರೆ, ಅಂಕಿಗಳನ್ನು ಹಿಂದುಮುಂದು ಬರೆದಿರಬಹುದು ಅಂತ ಮೊದಲು ಅನುಮಾನಿಸಬೇಕು. ನನಗೆ ಹೇಳಿಕೊಟ್ಟ ಹಿರಿಯರು ಕಲಿಸಿದ ಮೊದಲ ಪಾಠ ಇದು. ರಾತ್ರಿ ಊಟಕ್ಕೆ ಕೂತಾಗ ಅದು ನೆನಪಾಯಿತು. ಎದ್ದು ಹೋಗಿ ಬೀಗ ತೆಗೆದು ನೋಡಿದೆ. ಹುಡುಗನ ಚೀಟಿಯಲ್ಲಿ 4,500. ನನ್ನ ಖಾತೆ ಪುಸ್ತಕದಲ್ಲಿ, ನನ್ನದೇ ಅಕ್ಷರದಲ್ಲಿ, 5,400. ಅವನ ಜೇಬು ನೋಡುವ ಮೊದಲು ಪುಸ್ತಕ ನೋಡಲು ಒಂದು ನಿಮಿಷ ಸಾಕಾಗಿತ್ತು. ನನ್ನಿಂದ ತಪ್ಪಾಗಿರಬಹುದು ಅಂತ ತಲೆಗೇ ಬರಲಿಲ್ಲ.

ಈಜಿಪ್ಟಿನ ಮರಳುಗಾಡಿನಲ್ಲಿ 4ನೇ ಶತಮಾನದಲ್ಲಿ ಸಂತ ಮೋಶೆ ಎಂಬ ಸನ್ಯಾಸಿ ಇದ್ದರು. ಮೊದಲು ಗುಲಾಮ, ಆಮೇಲೆ ದರೋಡೆಕೋರ, ಕೊನೆಗೆ ಸನ್ಯಾಸಿ. ಸ್ಕೇತಿಸ್ ಎಂಬಲ್ಲಿ ಒಬ್ಬ ಸಹೋದರ ತಪ್ಪು ಮಾಡಿದನೆಂದು ಸಭೆ ಸೇರಿದಾಗ ಇವರು ಹೋಗಲಿಲ್ಲ. ಮತ್ತೆ ಹೇಳಿ ಕಳಿಸಿದಾಗ ತೂತಿನ ಪಾತ್ರೆಯೊಂದಕ್ಕೆ ನೀರು ತುಂಬಿಸಿ ಹೊತ್ತುಕೊಂಡು ಹೋದರಂತೆ. ಹಾದಿಯುದ್ದಕ್ಕೂ ನೀರು ಸೋರುತ್ತಿತ್ತು. ಇದೇನೆಂದು ಕೇಳಿದವರಿಗೆ, ತಮ್ಮ ಪಾಪಗಳೂ ಹೀಗೆಯೇ ಹಿಂದೆ ಸೋರುತ್ತಿವೆ, ಅವು ತಮಗೆ ಕಾಣುತ್ತಿಲ್ಲ, ಆದರೂ ಇನ್ನೊಬ್ಬರ ತಪ್ಪು ವಿಚಾರಿಸಲು ಬಂದಿದ್ದೇನೆ ಎಂಬ ಅರ್ಥದಲ್ಲಿ ಉತ್ತರ ಕೊಟ್ಟರು. ಸಭೆಯವರು ಆ ಸಹೋದರನನ್ನು ಕ್ಷಮಿಸಿಬಿಟ್ಟರು. ಗಮನಿಸಿ, ಮೋಶೆಯವರು ತಮ್ಮ ಪಾಪವನ್ನು ಹೇಳಿಕೊಂಡಿದ್ದು ಒಳಕೋಣೆಯಲ್ಲಲ್ಲ, ಎಲ್ಲರ ಕಣ್ಣೆದುರು.

ನಾನು ಹಾಗೆ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಹುಡುಗನನ್ನು ಹಿಂದಿನ ಸ್ಟೋರ್ ರೂಮಿಗೆ ಕರೆದು, ಬಾಗಿಲು ಮುಚ್ಚಿ, ಕ್ಷಮೆ ಕೇಳಿದೆ. "ಹೋಗ್ಲಿ ಬಿಡಿ ಸಾರ್" ಅಂದ. ಪಾಪನಿವೇದನೆಯನ್ನೂ ಮಾಡಿಕೊಂಡೆ. ಗುರುಗಳು ಎಲ್ಲ ಕೇಳಿ, "ಆ ಸಾಲಿನಲ್ಲಿ ಇದ್ದವರಿಗೆ ಯಾರು ಹೇಳುತ್ತಾರೆ?" ಎಂದು ಕೇಳಿದರು. ಅವರೆಲ್ಲ ಅಷ್ಟರಲ್ಲಿ ಬೆಟ್ಟ ಇಳಿದು ತಂತಮ್ಮ ಊರು ಸೇರಿದ್ದರು. ಅವರಲ್ಲಿ ಯಾರಾದರೂ ಈ ಪುಸ್ತಿಕೆ ಕೊಂಡು ಓದುತ್ತಿದ್ದರೆ, ಆ ಹುಡುಗ ಕದ್ದಿರಲಿಲ್ಲ.