ತಕ್ರಾರ್ ಮತ್ತು ತಕರಾರು

ಮದರಸಾಗಳಲ್ಲಿ ಒಂದು ಹಳೆಯ ರೂಢಿಯಿದೆ. ಉಸ್ತಾದರು ಪಾಠ ಮುಗಿಸಿ ಹೋದ ಮೇಲೆ ವಿದ್ಯಾರ್ಥಿಗಳು ಗುಂಪಾಗಿ ಕೂರುತ್ತಾರೆ. ಅವರಲ್ಲೊಬ್ಬ ಅದೇ ಪಾಠವನ್ನು ಮತ್ತೆ ಹೇಳುತ್ತಾನೆ. ಉಳಿದವರು ಕೇಳುತ್ತಾರೆ, ನಡುವೆ ತಡೆಯುತ್ತಾರೆ, ಅರ್ಥವಾಗದ್ದನ್ನು ಮತ್ತೊಮ್ಮೆ ಹೇಳಿಸುತ್ತಾರೆ. ಇದಕ್ಕೆ ತಕ್ರಾರ್ ಎಂದು ಹೆಸರು. ಅರಬಿಯಲ್ಲಿ ಇದರರ್ಥ ಪುನರಾವರ್ತನೆ. ಇದೇ ಪದ ಕನ್ನಡದಲ್ಲಿ ಆಕ್ಷೇಪಣೆಯ ತಕರಾರು ಆಗಿದೆ. ಉರ್ದುವಿನಲ್ಲಂತೂ ಎರಡೂ ಅರ್ಥಗಳು ಒಟ್ಟಿಗೇ ಬದುಕಿವೆ.

ಇದನ್ನು ಇಲ್ಲಿ ನೆನೆಯಲು ಕಾರಣ, ಆನ್‌ಲೈನ್ ಕೋರ್ಸುಗಳು. ನಮ್ಮ ಬೇತಮಂಗಲದಂಥ ಊರಿಗೆ ಇದು ಸಣ್ಣ ಸಂಗತಿಯಲ್ಲ. 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಈ ಭಾಗದ ಸಾವಿರಾರು ಜನ ದುಡಿಮೆಗಾಗಿ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುತ್ತಿದ್ದಾರೆ. ಕಾಲೇಜಿಗೆ ಮರಳಲು ಸಮಯವೂ ಹಣವೂ ಇಲ್ಲದವರಿಗೆ 'ನಿಮ್ಮದೇ ವೇಗದಲ್ಲಿ ಕಲಿಯಿರಿ' ಎಂಬ ಕರೆ ದೊಡ್ಡ ಆಸರೆಯಾಗಿ ಕಾಣುತ್ತದೆ.

ಆದರೆ ನಮ್ಮದೇ ವೇಗ ಎಂದರೆ ನಮಗಾಗಿ ಯಾರೂ ಕಾಯದ ವೇಗ. ನಿಂತುಬಿಟ್ಟರೆ ಯಾಕೆಂದು ಕೇಳುವವರಿಲ್ಲ. 2012ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆ ತನ್ನ ಮೊದಲ ಮುಕ್ತ ಕೋರ್ಸನ್ನು ನಡೆಸಿತು. ವಿಷಯ ಎಲೆಕ್ಟ್ರಾನಿಕ್ಸ್. ಮುಂದಾಳು ಮಂಗಳೂರಿನಲ್ಲಿ ಓದಿ ಬೆಳೆದ ಅನಂತ್ ಅಗರ್‌ವಾಲ್. ಹೆಸರು ನೋಂದಾಯಿಸಿದವರು ಸುಮಾರು 1,55,000, ಪ್ರಮಾಣಪತ್ರ ಪಡೆದವರು 7,157. ಬಹಳಷ್ಟು ಜನ ಬರೀ ಇಣುಕಿ ನೋಡಲು ಬಂದವರೇ ಇರಬಹುದು. ಆದರೂ ಅಲ್ಲಿ ಗಡುವುಗಳಾದರೂ ಇದ್ದವು; ಗಡುವೇ ಇಲ್ಲದ ಕೋರ್ಸಿನ ಗತಿಯನ್ನು ಊಹಿಸಬಹುದು. ಆ ಕೋರ್ಸಿನ ಅಧ್ಯಯನದಲ್ಲಿ ಕಂಡ ಇನ್ನೊಂದು ಅಂಶ: ಪಕ್ಕದಲ್ಲಿ ಇನ್ನೊಬ್ಬರೊಂದಿಗೆ ಕೂತು ಓದಿದವರ ಅಂಕಗಳು ಒಂಟಿಯಾಗಿ ಓದಿದವರಿಗಿಂತ ತುಸು ಹೆಚ್ಚಿದ್ದವು. ಮಂಗೋಲಿಯಾದ ಉಲಾನ್‌ಬಾತರಿನ ಒಂದು ಶಾಲೆಯಲ್ಲಿ ಪ್ರಿನ್ಸಿಪಾಲರೇ ಮಕ್ಕಳನ್ನು ಒಟ್ಟಿಗೆ ಕೂರಿಸಿ ಈ ಕೋರ್ಸು ಓದಿಸಿದರು. ಅಲ್ಲಿನ 15ರ ಹುಡುಗನೊಬ್ಬ ಪೂರ್ಣ ಅಂಕ ಪಡೆದ. ಕಷ್ಟದ ಪ್ರಯೋಗಗಳನ್ನು ಸಹಪಾಠಿಗಳಿಗಾಗಿ ವಿಡಿಯೋ ಮಾಡಿ ವಿವರಿಸಿದ ಕೂಡ. ಅವನು ಮಾಡಿದ್ದು ತಕ್ರಾರ್ ಅಲ್ಲದೆ ಮತ್ತೇನು?

ಗುಂಪು ಕಟ್ಟುವುದು ಈಗ ಸುಲಭ. ವಾಟ್ಸಾಪ್ ಇದೆ. ಕಷ್ಟ ಶುರುವಾಗುವುದು ಆಮೇಲೆ. ಚುರುಕಾದವನೊಬ್ಬ ಪರೀಕ್ಷೆಯ ಉತ್ತರಗಳನ್ನೆಲ್ಲ ಫೋಟೊ ತೆಗೆದು ಗುಂಪಿಗೆ ಹಾಕುತ್ತಾನೆ. ಎಲ್ಲರೂ ಕೋರ್ಸು ಮುಗಿಸುತ್ತಾರೆ, ಎಲ್ಲರ ಕೈಗೂ ಪ್ರಮಾಣಪತ್ರ. ಇದು ಸಹಾಯ ಎಂದೇ ನಾವು ಕರೆಯುತ್ತೇವೆ. ಬಡವರ ಮಕ್ಕಳು, ಹೋಗಲಿ ಬಿಡಿ ಎನ್ನುತ್ತೇವೆ. ಈ ದಯೆಯಲ್ಲಿ ತಾತ್ಸಾರವೂ ಬೆರೆತಿದೆ. ಆ ಮಕ್ಕಳು ಕಲಿಯಬಲ್ಲರು ಎಂಬ ನಂಬಿಕೆ ಇದ್ದಿದ್ದರೆ ಉತ್ತರ ಕೊಡುತ್ತಿರಲಿಲ್ಲ, ಪಾಠ ಹೇಳುತ್ತಿದ್ದೆವು. ಪ್ರಮಾಣಪತ್ರವೆಂಬುದು ಸಾಕ್ಷಿ. ಲೆಕ್ಕಪತ್ರ ಕಲಿತಿದ್ದಾನೆಂದು ಅದನ್ನು ನಂಬಿ ಕೆಲಸ ಕೊಟ್ಟವರೂ ಇದ್ದಾರೆ, ಮೊದಲ ತಿಂಗಳಲ್ಲೇ ಕೈಚೆಲ್ಲಿ ಮನೆಗೆ ಬರುವ ಹುಡುಗನೂ ಇದ್ದಾನೆ. ಸುಳ್ಳು ಸಾಕ್ಷಿಯ ದಂಡ ತೆರುವವನು ಅವನೇ, ಉತ್ತರ ಕಳಿಸಿದವನಲ್ಲ.

ಆದ್ದರಿಂದ ತಕ್ರಾರಿನೊಳಗೆ ಕನ್ನಡದ ತಕರಾರೂ ಇರಬೇಕು. 'ನಿಲ್ಲಿ, ನನಗೆ ತಿಳಿಯಲಿಲ್ಲ' ಎಂದು ಯಾರೂ ಹೇಳದ ಗುಂಪು ಬರೀ ನಕಲು ಮಾಡುವ ಗುಂಪು. ಇಂದು ಕೇಳಿಸಿಕೊಂಡವಳು ನಾಳೆ ಹೇಳಬೇಕು. ಅವಳ ಸರದಿಯ ದಿನ ಗುಂಪು ನಿಧಾನವಾಗುತ್ತದೆ, ಚುರುಕಾದವರಿಗೆ ಅಸಹನೆಯಾಗುತ್ತದೆ. ನಾವೇಕೆ ಕಾಯಬೇಕು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಹೇಳಿಕೊಡುವವರು ಎರಡು ಸಲ ಕಲಿಯುತ್ತಾರೆ ಎಂಬ ಸಮಾಧಾನ ಪೂರ್ತಿ ಉತ್ತರವಲ್ಲ. ಕೆಲವು ದಿನ ಅವರಿಗೆ ನಷ್ಟವೇ. ಜೊತೆಗೆ ಓದುತ್ತೇವೆಂದು ಮಾತು ಕೊಟ್ಟ ಮೇಲೆ ಆ ನಷ್ಟವೂ ಮಾತಿನೊಳಗೇ ಸೇರಿದೆ.

ಫಜರ್ ನಮಾಜಿಗೆ ನಾಲ್ಕು ದಿನ ಕಾಣದವರನ್ನು ಮಸೀದಿಯಲ್ಲಿ ವಿಚಾರಿಸುವುದುಂಟು. ಗುಂಪಿನಿಂದ ಕಾಣೆಯಾದವಳನ್ನೂ ಹಾಗೆ ವಿಚಾರಿಸಬೇಕು. ಮನೆಗೆ ಹೋದರೆ ಕಾರಣ ಸೋಮಾರಿತನವಲ್ಲ ಎಂದು ತಿಳಿಯಬಹುದು: ಮನೆಯ ಒಂದೇ ಫೋನು ಬೆಳಿಗ್ಗೆ ಅಣ್ಣನ ಜೇಬಿನಲ್ಲಿ ಬಂಗಾರಪೇಟೆಗೆ ಹೋಗಿ ರೈಲು ಹತ್ತುತ್ತದೆ, ರಾತ್ರಿ ಮರಳುತ್ತದೆ. ಅಂಥವಳಿದ್ದರೆ ಗುಂಪು ರಾತ್ರಿಯೇ ಸೇರಬೇಕಾಗುತ್ತದೆ.