ನಿಷ್ಕಾಮ ಕರ್ಮ ಮತ್ತು ಮ್ಯಾನೇಜರ್ ಟೋಪಿ

ಫಲದ ಚಿಂತೆ ಬಿಟ್ಟು ಕೆಲಸ ಮಾಡು ಎಂಬ ಗೀತೆಯ ಮಾತು ನಮ್ಮ ಆಫೀಸುಗಳಲ್ಲಿ ಬಾಯಿ ಮುಚ್ಚಿಸುವ ಮಂತ್ರವಾಗಿಬಿಟ್ಟಿದೆ. ಮೇಲಿನವರು ಹೇಳಿದ್ದನ್ನು ಮಾಡಿ ಸುಮ್ಮನಿರುವುದೇ ನಿಷ್ಕಾಮ ಕರ್ಮವೇ? 1986ರ ಜನವರಿ 27ರ ರಾತ್ರಿ ಅಮೆರಿಕದ ಮಾರ್ಟನ್ ಥಿಯೋಕಾಲ್ ಕಂಪನಿಯಲ್ಲಿ ನಡೆದದ್ದನ್ನು ನೋಡಿ. ಮರುದಿನ ಹಾರಬೇಕಿದ್ದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರ್ ಉಂಗುರಗಳು ಚಳಿಗೆ ಬಿರುಸಾಗುತ್ತವೆ, ಸಂದಿಯನ್ನು ಬೇಗ ಮುಚ್ಚುವುದಿಲ್ಲ, ಬಿಸಿ ಅನಿಲ ನುಗ್ಗಬಹುದು, ಉಡಾವಣೆ ಬೇಡ ಎಂದು ಕಂಪನಿಯ ಎಂಜಿನಿಯರ್ ರೋಜರ್ ಬೋಜಲಿ ಮತ್ತವರ ಸಹೋದ್ಯೋಗಿಗಳು ಪಟ್ಟು ಹಿಡಿದರು. ಹಿಂದಿನ ಜುಲೈನಲ್ಲೇ ಬೋಜಲಿ ಈ ಅಪಾಯವನ್ನು ಬರೆದು ಕೊಟ್ಟಿದ್ದರು. ನಾಸಾದವರು ಮುನಿದರು. ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳುವಂತೆ ಕಂಪನಿಯ ಎಂಜಿನಿಯರಿಂಗ್ ಉಪಾಧ್ಯಕ್ಷರಿಗೆ ಸೂಚನೆ ಬಂತು. ಕಂಪನಿ ಉಡಾವಣೆಗೆ ಒಪ್ಪಿತು. ಮರುದಿನ ನೌಕೆ ಸಿಡಿದು ಅದರಲ್ಲಿದ್ದ ಏಳು ಮಂದಿ ಸತ್ತರು.

ಆ ರಾತ್ರಿ ಫಲಕ್ಕೆ ಅಂಟಿಕೊಂಡಿದ್ದವರು ಯಾರು? ವೇಳಾಪಟ್ಟಿ, ಗುತ್ತಿಗೆ, ದೊಡ್ಡ ಗ್ರಾಹಕನ ಮರ್ಜಿ ಇವೆಲ್ಲ ಫಲಗಳೇ. ಹೇಳಿಯೂ ಉಡಾವಣೆ ನಿಲ್ಲಲಿಲ್ಲವಲ್ಲ, ಏನು ಬಂತು ಎಂದು ಕೇಳಬಹುದು. ಆದರೆ ಗೆಲ್ಲುವ ಖಾತ್ರಿಯಿಲ್ಲದೆ ಹೇಳಬೇಕಾದ್ದನ್ನು ಹೇಳುವುದಕ್ಕೇ ಅಲ್ಲವೇ ಆ ತತ್ವ ಇರುವುದು? ತನಿಖಾ ಆಯೋಗದ ಮುಂದೆ ಸಾಕ್ಷಿ ನುಡಿದ ಮೇಲೆ ಬೋಜಲಿಯನ್ನು ಜೊತೆಗಾರರೇ ದೂರ ಇಟ್ಟರು, ಕೊನೆಗೆ ಅವರು ಕಂಪನಿ ಬಿಟ್ಟರು. ಮನೆ ಸಾಲದ ಕಂತು ಕಟ್ಟುವವರು ಹೀಗೆ ಎದುರು ನಿಲ್ಲುವುದು ಸುಲಭವಲ್ಲ, ನಿಜ. ಹೆದರಿ ಸುಮ್ಮನಾದವರನ್ನು ಬೈಯುವ ಹಕ್ಕು ನಮಗಿಲ್ಲ. ಅವರ ಹೆದರಿಕೆಗೆ ವೈರಾಗ್ಯದ ಹೆಸರಿಡುವುದಷ್ಟೇ ಬೇಡ. ಇನ್ನು ಗೀತೆಯ ಮಾತೆತ್ತುವ ಬಾಸುಗಳು ಹದಿನೆಂಟನೇ ಅಧ್ಯಾಯದವರೆಗೂ ಓದಲಿ: ಅರ್ಜುನನ ಪ್ರಶ್ನೆಗಳಿಗೆಲ್ಲ ಉತ್ತರಿಸಿದ ಕೃಷ್ಣ, ಇದನ್ನೆಲ್ಲ ವಿಚಾರ ಮಾಡಿ ನಿನಗೆ ಸರಿ ಕಂಡಂತೆ ಮಾಡು ಎಂದು ನಿರ್ಧಾರವನ್ನು ಅವನಿಗೇ ಬಿಡುತ್ತಾನೆ.