ಲಕೋಟೆಯೊಳಗಿನ ಸಂಖ್ಯೆ

ತೋಟ ಮಾರಬೇಕೋ ಬೇಡವೋ ಅಂತ ತಿಳಿಯೋಕೆ ನಾನೊಂದು ಎಕ್ಸೆಲ್ ಶೀಟ್ ಮಾಡಿದ್ದೆ. ತಿಪಟೂರು ಕಡೆಯ ನಮ್ಮೂರಲ್ಲಿ ಎರಡು ಎಕರೆ ತೆಂಗು. ಅಪ್ಪನಿಗೆ ವಯಸ್ಸಾಗಿದೆ, ನಾನು ಬೆಂಗಳೂರಲ್ಲಿ ಕೋಡ್ ಬರೀತಾ ಕೂತಿದ್ದೀನಿ. ಕೊಬ್ಬರಿ ಬೆಲೆ, ಕೂಲಿ, ಬೋರ್‌ವೆಲ್ ಖರ್ಚು, ಬ್ಯಾಂಕ್ ಬಡ್ಡಿ ಎಲ್ಲ ಹಾಕಿದರೆ ಕೊನೆಯ ಕಾಲಂ ಸ್ಪಷ್ಟವಾಗಿ ಹೇಳ್ತಿತ್ತು: ಮಾರಿ. ಹಬ್ಬಕ್ಕೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಅಂದರು: "ಲೆಕ್ಕ ಮಾಡೋಕ್ ಮುಂಚೇನೇ ಉತ್ರ ಗೊತ್ತಿತ್ತಲ್ವೇನ್ಲಾ ನಿಂಗೆ?"

ನನಗೆ ಸಿಟ್ಟು ಬಂತು. ಶೀಟಲ್ಲಿ ಒಂದೂ ಸುಳ್ಳು ಇರಲಿಲ್ಲ. ಕೊಬ್ಬರಿ ಬೆಲೆ ನೆಲಕಚ್ಚಿದ್ದ 2023ರ ರೇಟನ್ನ ಹಾಕಿದ್ದೆ, ಆದರೆ ಅದೂ ಮಂಡಿಯಲ್ಲಿ ನಡೆದ ರೇಟೇ. ಮೊದಲು ಬೇರೆ ವರ್ಷದ ಬೆಲೆ ಹಾಕಿ ನೋಡಿದ್ದೆ, ಬಂದ ಉತ್ತರ ಯಾಕೋ ಸರಿ ಅನ್ನಿಸಲಿಲ್ಲ, ಬದಲಾಯಿಸಿದೆ. ಸರಿ ಅನ್ನಿಸಿದ ಕೂಡಲೇ ನಿಲ್ಲಿಸಿದೆ. ಹಾಗಾದರೆ ನಾನು ಮಾಡಿದ ತಪ್ಪಾದರೂ ಏನು?

ಉತ್ತರ ಸಿಕ್ಕಿದ್ದು ನಾನು ಹುಡುಕದ ಕಡೆ. ಕಾಲೇಜಿನ ಕಾಲದಿಂದಲೂ ಕಣ ಭೌತಶಾಸ್ತ್ರದ ಸುದ್ದಿ ಓದೋ ಚಟ ನನಗೆ. ಮ್ಯೂಆನ್ ಅಂತ ಒಂದು ಕಣ ಇದೆ. ಎಲೆಕ್ಟ್ರಾನಿನ ದೊಡ್ಡಣ್ಣ ಅನ್ನಬಹುದು, ಸುಮಾರು 207 ಪಟ್ಟು ಭಾರ. ಅದೊಂದು ಪುಟ್ಟ ಅಯಸ್ಕಾಂತ. ಕಾಂತಕ್ಷೇತ್ರದಲ್ಲಿ ಬುಗುರಿಯ ಹಾಗೆ ತಲೆ ಆಡಿಸುತ್ತೆ. ಆ ಅಯಸ್ಕಾಂತದ ಬಲ ಹೇಳುವ ಒಂದು ಸಂಖ್ಯೆ, 1928ರ ಡಿರಾಕ್ ಸಮೀಕರಣದ ಪ್ರಕಾರ, ಸರಿಯಾಗಿ 2. ನಿಜದಲ್ಲಿ ಕೂದಲೆಳೆಯಷ್ಟು ಜಾಸ್ತಿ. ನಿರ್ವಾತದಲ್ಲಿ ಮೂಡಿ ಮಾಯವಾಗುವ ಕಣಗಳ ಪ್ರಭಾವ ಅದು. ಈ ಹೆಚ್ಚಳವನ್ನು ಸಿದ್ಧಾಂತದಿಂದ ಲೆಕ್ಕ ಹಾಕಬಹುದು, ಪ್ರಯೋಗದಿಂದ ಅಳೆಯಬಹುದು. ಎರಡೂ ತಾಳೆಯಾಗದಿದ್ದರೆ ನಮಗೆ ಗೊತ್ತಿಲ್ಲದ ಯಾವುದೋ ಕಣ ಅಲ್ಲಿ ಅಡಗಿರಬಹುದು. ಭೌತವಿಜ್ಞಾನಿಗಳು ದಶಕಗಳಿಂದ ಕಾಯುತ್ತಿರುವ ಸುದ್ದಿ ಅದು.

ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ 2001ರ ಹೊತ್ತಿಗೆ ಅಂಥ ವ್ಯತ್ಯಾಸ ಕಂಡಿತ್ತು. 2013ರಲ್ಲಿ ಸುಮಾರು 15 ಮೀಟರ್ ಅಗಲದ ಆ ಅಯಸ್ಕಾಂತದ ಉಂಗುರವನ್ನೇ ನೀರಿನ ಮೇಲೆ, ರಸ್ತೆ ಮೇಲೆ ಷಿಕಾಗೋ ಬಳಿಯ ಫರ್ಮಿಲ್ಯಾಬ್‌ಗೆ ಸಾಗಿಸಿದರು, ಮತ್ತೆ ಅಳೆಯೋಕೆ. ಅಲ್ಲಿ ಅವರು ಮಾಡಿಕೊಂಡ ಒಂದು ಕಟ್ಟುಪಾಡು ನನ್ನನ್ನು ಹಿಡಿದು ನಿಲ್ಲಿಸಿತು. ಅಳತೆಗೆ ಬಳಸುವ ಗಡಿಯಾರದ ವೇಗವನ್ನು ತಂಡದ ಹೊರಗಿನ ಇಬ್ಬರು ಗುಟ್ಟಾಗಿ ಚೂರು ಬದಲಾಯಿಸಿ, ಆ ಸಂಖ್ಯೆಯನ್ನು ಲಕೋಟೆಯಲ್ಲಿ ಮುಚ್ಚಿಟ್ಟರು. ವರ್ಷಗಟ್ಟಲೆ ಲೆಕ್ಕ ಮಾಡಿದವರಿಗೆ ತಮ್ಮ ಉತ್ತರ ಏನು ಅಂತ ತಮಗೇ ಗೊತ್ತಿರಲಿಲ್ಲ. ತಿದ್ದೋದೆಲ್ಲ ತಿದ್ದಿ ಮುಗಿಸಿ, ಎಲ್ಲರೂ ಒಪ್ಪಿದ ಮೇಲೆಯೇ ಲಕೋಟೆ ಒಡೆದದ್ದು.

ಅವರೇನು ಸುಳ್ಳುಗಾರರಾ? ಅಲ್ಲ. ಬೇಡದ ಉತ್ತರ ಬಂದರೆ ನಾವು ತಪ್ಪು ಹುಡುಕ್ತೀವಿ. ಬೇಕಾದ ಉತ್ತರ ಬಂದರೆ ಹುಡುಕೋದನ್ನ ನಿಲ್ಲಿಸ್ತೀವಿ. ಒಂದೂ ಸುಳ್ಳು ಹೇಳದೆ ಮೋಸ ನಡೆದುಹೋಗುತ್ತೆ, ಅದೂ ನಮಗೆ ನಾವೇ ಮಾಡಿಕೊಳ್ಳೋ ಮೋಸ. ನನ್ನ ಶೀಟಲ್ಲಿ ಆಗಿದ್ದೂ ಅದೇ.

ಮುಂದಿನ ಕತೆ ಇನ್ನೂ ಚೆನ್ನಾಗಿದೆ. 2021ರ ಏಪ್ರಿಲ್ 7ರಂದು ಫಲಿತಾಂಶ ಬಂತು. ಹಳೆಯ ಸಿದ್ಧಾಂತದ ಲೆಕ್ಕಕ್ಕೂ ಅಳತೆಗೂ ಇದ್ದ ವ್ಯತ್ಯಾಸ ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಸುಮಾರು 40,000ಕ್ಕೆ 1. ಹೊಸ ಕಣದ ಮಾತು ಎಲ್ಲೆಡೆ. ಅದೇ ದಿನ ಇನ್ನೊಂದು ತಂಡದ ಲೆಕ್ಕವೂ ಪ್ರಕಟವಾಯಿತು. ಅವರು ದೇಶ-ಕಾಲವನ್ನು ಚೌಕುಳಿ ಚೌಕುಳಿಯಾಗಿ ವಿಂಗಡಿಸಿ ಸೂಪರ್‌ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದರು. ಅವರ ಪ್ರಕಾರ ವ್ಯತ್ಯಾಸ ಅಷ್ಟೇನಿಲ್ಲ. 2025ರಲ್ಲಿ ಸಿದ್ಧಾಂತಿಗಳ ಜಾಗತಿಕ ಗುಂಪು ಈ ಬಗೆಯ ಲೆಕ್ಕವನ್ನೇ ಆಧಾರವಾಗಿ ತೆಗೆದುಕೊಂಡಿತು. ಆ ಜೂನಿನಲ್ಲಿ ಫರ್ಮಿಲ್ಯಾಬ್‌ನ ಕೊನೆಯ ಅಳತೆ ಬಂತು, ನೂರು ಕೋಟಿಯಲ್ಲಿ 127 ಭಾಗದಷ್ಟು ನಿಖರವಾಗಿ. ಸಿದ್ಧಾಂತ, ಅಳತೆ ಎರಡೂ ಹೊಂದಿದವು. ಹೊಸ ಕಣದ ಆಸೆ ಬಹುಮಟ್ಟಿಗೆ ಕರಗಿತು. ಹಳೆಯ ವಿಧಾನಕ್ಕೂ ಹೊಸದಕ್ಕೂ ಯಾಕೆ ತಾಳೆಯಾಗ್ತಿಲ್ಲ ಅನ್ನೋದು ಇನ್ನೂ ಬಗೆಹರಿದಿಲ್ಲ. ಅದನ್ನೂ ಅವರು ಮುಚ್ಚಿಡಲಿಲ್ಲ. ಇಪ್ಪತ್ತು ವರ್ಷ ಕಾದ ಕನಸು ಕೈಜಾರುವಾಗ ಹೀಗೆ ನಡೆದುಕೊಳ್ಳೋದು ಸಣ್ಣ ಮಾತಲ್ಲ.

ಬದುಕು ಭೌತಶಾಸ್ತ್ರವಲ್ಲ, ಒಪ್ತೀನಿ. ಅಪ್ಪ ಕೈಯಾರೆ ನೆಟ್ಟ ಗಿಡಕ್ಕೆ ಯಾವ ಕಾಲಮ್ಮಿನಲ್ಲಿ ಬೆಲೆ ಕಟ್ಟಲಿ? ಯಾವ ಕಾಲಂ ಇರಬೇಕು ಅಂತ ತೀರ್ಮಾನಿಸೋದರಲ್ಲೇ ನಮ್ಮ ಆಸೆ ನುಸುಳಿರುತ್ತೆ. ಆದರೆ ಎಲ್ಲವನ್ನೂ ಅಳೆಯೋಕೆ ಆಗಲ್ಲ ಅನ್ನೋದು, ಅಳೆಯಬಹುದಾದದ್ದನ್ನ ನಮಗೆ ಬೇಕಾದ ಹಾಗೆ ಅಳೆಯೋಕೆ ನೆಪ ಆಗಬಾರದು. ನಮ್ಮ ಅಪ್ರೈಸಲ್, ಪ್ರಾಜೆಕ್ಟ್ ಎಸ್ಟಿಮೇಟ್, ಮನೆ ಸಾಲದ ಲೆಕ್ಕ, ಎಲ್ಲಕ್ಕೂ ಈ ಮಾತು ಸಲ್ಲುತ್ತೆ. ನಾನು ಪ್ರಾಮಾಣಿಕ ಅನ್ನೋ ನಂಬಿಕೆಯೊಂದೇ ಸಾಲದು. ನನ್ನ ಆಸೆಯ ಕೈಗೆ ಲೆಕ್ಕ ಸಿಗದ ಹಾಗೆ ಮೊದಲೇ ಏರ್ಪಾಡು ಮಾಡಿಕೊಳ್ಳಬೇಕು.

ಮುಂದಿನ ಸಲ ಊರಿಗೆ ಹೋದಾಗ ಯಾವ ಬೆಲೆ, ಎಷ್ಟು ವರ್ಷದ ಸರಾಸರಿ ಅನ್ನೋ ನಿಯಮಗಳನ್ನ ಒಂದು ಹಾಳೆಯಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟೆ. ಅವರು ಎರಡು ಸಾಲು ಹೊಡೆದುಹಾಕಿಸಿ, ಒಂದು ಸೇರಿಸಿದರು. ಮಂಡಿ ಚೀಟಿಗಳನ್ನ ನೋಡಿ ಹತ್ತು ವರ್ಷದ ಅಂಕಿ ತುಂಬಿದ್ದು ತಂಗಿ. ಕೊನೆಯ ಕಾಲಂ ಅಲ್ಲಿಯವರೆಗೂ ಮುಚ್ಚಿತ್ತು. ತೆರೆದು ನೋಡಿದರೆ ಮಾರೋದೇ ಲಾಭ ಅಂತ ಇತ್ತು, ಆದರೆ ನಾನು ಮೊದಲು ತೋರಿಸಿದ್ದರ ಕಾಲು ಭಾಗದಷ್ಟು ಮಾತ್ರ.

ಅಪ್ಪ ಕನ್ನಡಕ ತೆಗೆದಿಟ್ಟು ಅಂದರು: "ಈಗ ಕೂತ್ಕೋ. ಈಗ ಮಾತಾಡಾಣ."